ತನ್ನ ಕೈಯ ನಡೆ

ಮುಖ್ಯೋಪಾಧ್ಯಾಯಿನಿಯಾದವಳು ಶಾಲೆಯ ಸ್ಮರಣ ಸಂಚಿಕೆಯಲ್ಲಿ ಪರೀಕ್ಷೆಯ ಫಲವನ್ನೂ ಕಟ್ಟಡದ ನಿಧಿಯನ್ನೂ ಕುರಿತು ಬರೆಯುವುದು ವಾಡಿಕೆ. ಅವೆರಡೂ ವಾರ್ಷಿಕ ವರದಿಯಲ್ಲಿ ಹೇಗೂ ಬರುವುದರಿಂದ ಇಲ್ಲಿ ಅವನ್ನು ಬಿಟ್ಟು, ಕೆಲವು ತಾಯಂದಿರು ದೂರಿನ ರೂಪದಲ್ಲಿ ನನ್ನ ಮೇಜಿನ ಮೇಲೆ ತಂದಿಟ್ಟ ಒಂದು ಪುಸ್ತಕದ ವಿಷಯವಾಗಿ ನನ್ನ ಅಭಿಪ್ರಾಯವನ್ನು ತಿಳಿಸಬೇಕೆಂದಿದ್ದೇನೆ. ಮಗಳು ಪಾಠದ ಪುಸ್ತಕದೊಳಗೆ ಇದನ್ನು ಇಟ್ಟುಕೊಂಡು ಓದುತ್ತಾಳೆ, ಇದನ್ನು ನಿಲ್ಲಿಸಬೇಕು ಎಂಬುದು ಅವರ ಬಿನ್ನಹ. ಪಾಠದ ಪುಸ್ತಕದೊಳಗೆ ಇಟ್ಟುಕೊಳ್ಳುವುದನ್ನು ನಿಲ್ಲಿಸಿದ್ದೇನೆ. ಓದುವುದನ್ನು ನಿಲ್ಲಿಸುವ ಮನಸ್ಸು ನನಗಿಲ್ಲ, ಅದೇಕೆಂಬುದನ್ನು ಹೇಳಬೇಕಾಗಿದೆ.

ಪುಸ್ತಕದ ಹೆಸರು ‘ಹಿಕಾರು ನೋ ಗೋ’. ಜಪಾನ್ ದೇಶದಲ್ಲಿ ಮಾಂಗಾ ಎಂದು ಕರೆಯುವ ಚಿತ್ರಕಥೆಗಳ ಜಾತಿಗೆ ಸೇರಿದ್ದು. ಅಲ್ಲಿಯ ಹುಡುಗರ ವಾರಪತ್ರಿಕೆಯಾದ ಶೋನೆನ್ ಜಂಪ್‌ನಲ್ಲಿ 1998ರಿಂದ 2003ರ ವರೆಗೆ ಬಿಡಿಬಿಡಿಯಾಗಿ ಪ್ರಕಟವಾಗಿ, ಒಟ್ಟು 23 ಸಂಪುಟಗಳಾಯಿತು. ಕಥೆಯನ್ನು ಬರೆದವರು ಹೊತ್ತಾ ಯೂಮಿ ಎಂಬ ಸ್ತ್ರೀ. ಚಿತ್ರಗಳನ್ನು ಬರೆದವರು ಒಬಾತಾ ತಾಕೆಶಿ. ಆಟದ ವಿಷಯದಲ್ಲಿ ತಪ್ಪು ನುಸುಳದಂತೆ ನೋಡಿಕೊಂಡವರು ಉಮೆಜಾವಾ ಯುಕಾರಿ ಎಂಬ ವೃತ್ತಿ ಆಟಗಾರ್ತಿ. ಹೊತ್ತಾ ಅವರಿಗೆ ಈ ಕಥೆಯ ಯೋಚನೆಯು ತಮ್ಮ ಮಾವನವರೊಡನೆ ಒಮ್ಮೆ ಗೋ ಆಡಲು ಕುಳಿತಾಗ ಬಂದಿತಂತೆ. ಸೊಸೆಯೂ ಮಾವನೂ ಎದುರುಬದುರಾಗಿ ಕುಳಿತು ಆಡಿದ ಆಟದಿಂದ 23 ಸಂಪುಟಗಳು ಹುಟ್ಟಿದುವೆಂಬುದನ್ನು ನಮ್ಮ ಮನೆಗಳ ಹಿರಿಯರು ಗಮನಿಸಿದರೆ ಸಂತೋಷ.

ಗೋ ಎಂಬುದು ಚೀನಾದಲ್ಲಿ ಹುಟ್ಟಿ ಬಹು ಪ್ರಾಚೀನ ಕಾಲದಲ್ಲಿಯೇ ಜಪಾನಿಗೂ ಕೊರಿಯಾಕ್ಕೂ ಹೋದ ಮಣೆಯಾಟ. ಮಣೆಯ ಮೇಲೆ ಉದ್ದಕ್ಕೆ 19, ಅಡ್ಡಕ್ಕೆ 19 ಗೆರೆಗಳು. ಅವು ಕೂಡುವ ಸ್ಥಾನಗಳು 361. ಒಬ್ಬರಿಗೆ ಕರಿಯ ಕಾಯಿ, ಇನ್ನೊಬ್ಬರಿಗೆ ಬಿಳಿಯ ಕಾಯಿ. ಒಮ್ಮೆ ಇಟ್ಟ ಕಾಯಿಯು ನಮ್ಮ ಪಗಡೆಯ ಕಾಯಿಯಂತೆ ನಡೆಯುವುದಿಲ್ಲ, ಇಟ್ಟಲ್ಲಿಯೇ ಇರುವುದು. ಎದುರಾಳಿಯ ಕಾಯಿಗಳನ್ನು ಸುತ್ತುಗಟ್ಟಿ ಉಸಿರು ಕಟ್ಟಿಸಿದರೆ ಮಾತ್ರ ಅವುಗಳನ್ನು ಎತ್ತಿಬಿಡಬಹುದು. ಹುಲಿ-ಕುರಿಯ ಆಟವನ್ನು ಆಡಿದವರಿಗೆ ಸುತ್ತುಗಟ್ಟುವುದೆಂದರೇನೆಂದು ತಿಳಿಯುವುದು. ಕಡೆಯಲ್ಲಿ ಯಾರ ಕಾಯಿಗಳು ಹೆಚ್ಚು ಸ್ಥಳವನ್ನು ಬಳಸಿಕೊಂಡಿವೆಯೋ ಅವರಿಗೆ ಜಯ. ಇಲ್ಲಿ ದಾಳವಿಲ್ಲ, ಅದೃಷ್ಟವಿಲ್ಲ. ಸೋತವರು ದೂರಲು ತಮ್ಮ ಹೊರತು ಬೇರೆ ಯಾರೂ ಇಲ್ಲ.

ಕಥೆಯು ಹೀಗಿದೆ. ಶಿಂಡೋ ಹಿಕಾರು ಎಂಬ ಆರನೆಯ ತರಗತಿಯ ಹುಡುಗನು ಅಜ್ಜನ ಉಗ್ರಾಣದಲ್ಲಿ ಒಂದು ಹಳೆಯ ಗೋ ಮಣೆಯನ್ನು ಕಾಣುತ್ತಾನೆ. ಅದರಲ್ಲಿ ಸಾಯ್ ಎಂಬ, ಸಾವಿರ ವರ್ಷಗಳ ಹಿಂದಿನ ಒಬ್ಬ ಆಟದ ಗುರುವಿನ ಆತ್ಮವು ನೆಲೆಸಿದೆ. ಆಡುವ ಆಸೆಯು ತೀರದೆ ಲೋಕವನ್ನು ಬಿಡಲಾರದ ಆತ್ಮ ಅದು. ಹಿಕಾರುವಿಗಲ್ಲದೆ ಅನ್ಯರಿಗೆ ಅದು ಕಾಣದು, ಕೇಳದು. ಸಾಯ್ ಹೇಳಿದ ಸ್ಥಾನದಲ್ಲಿ ಹುಡುಗನು ಕಾಯಿಯನ್ನು ಇಡುತ್ತಾನೆ, ಇಷ್ಟೇ. ಆಟದ ಅ ಆ ಅರಿಯದ ಈ ಹುಡುಗನು ಇಂಥ ಕೈಯಿಂದ, ದೇಶದ ಅತ್ಯುತ್ತಮ ಆಟಗಾರನ ಮಗನೂ ತನ್ನ ಸಮವಯಸ್ಕನೂ ಆದ ತೋಯಾ ಅಕಿರಾನನ್ನು ಸೋಲಿಸಿಬಿಡುತ್ತಾನೆ.

ಕ್ರೈಸ್ತ ಮನೆಯ ತಾಯಿಯೊಬ್ಬರು ಈ ಆತ್ಮದ ಸಂಗತಿಯನ್ನು ಎತ್ತಿ, ಇಂಥದ್ದನ್ನು ಮಿಷನ್ ಶಾಲೆಯ ಮಕ್ಕಳು ಓದಬಹುದೇ ಎಂದು ಕೇಳಿದರು. ಪ್ರಶ್ನೆಯು ನ್ಯಾಯವಾದದ್ದೇ. ಆದರೆ ‘ಹ್ಯಾಮ್ಲೆಟ್’ ನಾಟಕದಲ್ಲಿ ಸತ್ತ ಅರಸನು ಕೋಟೆಯ ಮೇಲೆ ನಡೆದಾಡುತ್ತಾನೆ. ಆ ನಾಟಕವನ್ನು ಮಿಷನ್ ಕಾಲೇಜುಗಳಲ್ಲಿಯೇ ತಲೆಮಾರುಗಳಿಂದ ಕಲಿಸಿದ್ದಾರೆ. ಈ ಪುಸ್ತಕದಲ್ಲಿ ಆತ್ಮವನ್ನು ಯಾರೂ ಪೂಜಿಸುವುದಿಲ್ಲ, ಅದರಿಂದ ವರವನ್ನು ಬೇಡುವುದಿಲ್ಲ. ತನ್ನದಲ್ಲದ ಶಕ್ತಿಯು ಒಬ್ಬ ಬಾಲಕನ ಕೈಗೆ ಬಂದರೆ ಅವನು ಏನು ಮಾಡಿಯಾನು ಎಂಬುದನ್ನು ಕೇಳುವುದಕ್ಕೆ ಲೇಖಕಿಯು ಹೂಡಿದ ಉಪಾಯ ಅದು. ಆ ಪ್ರಶ್ನೆಯು ನಮ್ಮ ಶಾಲೆಯ ಪ್ರಶ್ನೆಯೂ ಹೌದು.

ಯಾಕಂದರೆ ಪುಸ್ತಕದ ಮೂರನೆಯ ಸಂಪುಟದ ಹೊತ್ತಿಗೆ ಒಂದು ಘಟನೆ ನಡೆಯುತ್ತದೆ. ನನ್ನ ಮಾತೆಲ್ಲ ಅದರ ಮೇಲೆಯೇ ನಿಂತಿದೆ. ಆದುದರಿಂದ ಸ್ವಲ್ಪ ವಿಸ್ತಾರವಾಗಿ ಹೇಳುವೆನು. ಮಾಧ್ಯಮಿಕ ಶಾಲೆಗಳ ನಡುವೆ ಪಂದ್ಯ. ಒಂದೊಂದು ಶಾಲೆಗೆ ಮೂವರು ಆಟಗಾರರು. ಅಕಿರಾನ ಬಲವು ಶಾಲೆಯ ಮಕ್ಕಳೊಡನೆ ಹೋಲಿಸತಕ್ಕದ್ದಲ್ಲ. ಅವನು ಆಗಲೇ ವೃತ್ತಿ ಆಟಗಾರರ ಸಮಾನ. ಆದರೂ ಹಿಕಾರುವಿನೊಡನೆ ಮತ್ತೊಮ್ಮೆ ಆಡಬೇಕೆಂಬ ಒಂದೇ ಕಾರಣಕ್ಕಾಗಿ ಅವನು ಶಾಲೆಯ ಸಂಘವನ್ನು ಸೇರಿ, ಅಲ್ಲಿ ಕೆಲವರ ಅಸೂಯೆಯನ್ನೂ ಕಿರುಕುಳವನ್ನೂ ಸಹಿಸಿ, ಹಿಕಾರು ಕುಳಿತುಕೊಳ್ಳುವ ಮೂರನೆಯ ಸ್ಥಾನವನ್ನೇ ಬಯಸಿ ಬಂದು ಕುಳಿತಿದ್ದಾನೆ. ಆಟ ಪ್ರಾರಂಭವಾಗುತ್ತದೆ. ಸಾಯ್ ಹೇಳುತ್ತಾನೆ, ಹಿಕಾರು ಇಡುತ್ತಾನೆ; ಆಟವು ಗಂಭೀರವಾಗಿ, ಸುಂದರವಾಗಿ ಬೆಳೆಯುತ್ತದೆ. ನಡುವೆ ಹುಡುಗನ ಕಣ್ಣಿಗೆ ತನ್ನದೇ ಆದ ಒಂದು ನಡೆಯು ಹೊಳೆಯುತ್ತದೆ. ಅವನು ಗುರುವನ್ನು ತಡೆದು ತನ್ನ ಕಾಯಿಯನ್ನು ತಾನೇ ಇಡುತ್ತಾನೆ. ಇದರಲ್ಲಿ ಏನೋ ಗೂಢವಿರಬೇಕೆಂದು ಅಕಿರಾ ಮೊದಲು ಆಲೋಚಿಸುತ್ತಾನೆ. ಗೂಢವೇನೂ ಇಲ್ಲ, ಅದು ಕಲಿಯತೊಡಗಿದವನ ಬಡ ನಡೆ. ಮತ್ತೆ ಒಂದು, ಮತ್ತೆ ಒಂದು. ಅಕಿರಾ ಸಿಟ್ಟಿನಿಂದ ಕೂಗಿಬಿಡುತ್ತಾನೆ. ಹಿಕಾರು ಹೀನಾಯವಾಗಿ ಸೋಲುತ್ತಾನೆ.

ಗೆಲ್ಲಬಹುದಾಗಿದ್ದ ಆಟವನ್ನು ಕೈಯಾರೆ ಹಾಳುಮಾಡಿಕೊಂಡನಲ್ಲಾ ಎಂದು ಓದುವ ಮಕ್ಕಳು ಹಲುಬುತ್ತಾರೆ. ನನ್ನ ಮಟ್ಟಿಗೆ 23 ಸಂಪುಟಗಳಲ್ಲಿ ಇದಕ್ಕಿಂತ ಬೆಲೆಯುಳ್ಳ ಪುಟಗಳು ಇಲ್ಲ. ಅಲ್ಲಿಯ ವರೆಗಿನ ಗೆಲುವುಗಳಲ್ಲಿ ಹಿಕಾರುವಿನದು ಎನ್ನತಕ್ಕದ್ದು ಬೆರಳು ಮಾತ್ರ. ಈ ಸೋಲಿನಲ್ಲಿ ಆಟವೂ ಅವನದೇ. ಅಂದಿನಿಂದ ಅವನು ನಿಜವಾಗಿ ಕಲಿಯಲಾರಂಭಿಸುತ್ತಾನೆ. ಇನ್‌ಸೇಯ್ ಎಂದು ಕರೆಯುವ ತರಬೇತಿಯ ಮಕ್ಕಳಲ್ಲಿ ಒಬ್ಬನಾಗಿ ಸೇರುತ್ತಾನೆ. ಅಲ್ಲಿಯೂ ಕೆಳಗಿನ ದರ್ಜೆಯಲ್ಲಿ ಸೋತು ಸೋತು ಮೇಲಕ್ಕೆ ಬರುತ್ತಾನೆ. ಎರಡು ವರ್ಷಗಳಿಗೂ ಮಿಕ್ಕಿದ ಕಾಲವು ಕಳೆದ ತರುವಾಯವೇ ಅವನು ಅಕಿರಾನೆದುರಿಗೆ ವೃತ್ತಿ ಆಟಗಾರನಾಗಿ ಕುಳಿತುಕೊಳ್ಳುವುದು.

ತಂದೆತಾಯಿಗಳೇ, ಈಗ ನಮ್ಮ ಮನೆಗಳನ್ನು ನೋಡೋಣ. ವಿಜ್ಞಾನ ಪ್ರದರ್ಶನಕ್ಕೆ ಏಳನೆಯ ತರಗತಿಯ ಬಾಲಕಿಯು ತರುವ ಮಾದರಿಯನ್ನು ನೋಡಿದ ಕೂಡಲೇ, ಅದು ಇಂಜಿನಿಯರ್ ಆದ ಚಿಕ್ಕಪ್ಪನವರ ಕೈಕೆಲಸವೆಂದು ನಮ್ಮ ಉಪಾಧ್ಯಾಯಿನಿಯರಿಗೆ ಗೊತ್ತಾಗುತ್ತದೆ. ಪ್ರಬಂಧದ ನೋಟುಪುಸ್ತಕದಲ್ಲಿ ಟ್ಯೂಷನ್ ಮಾಸ್ತರರ ವಾಕ್ಯಗಳು ಸಾಲುಗಟ್ಟಿ ನಿಂತಿರುತ್ತವೆ. ಹುಡುಗಿಯನ್ನು ಎಬ್ಬಿಸಿ ಅದರಲ್ಲಿಯ ಒಂದು ಮಾತಿನ ಅರ್ಥವನ್ನು ಕೇಳಿದರೆ ಅವಳು ನೆಲವನ್ನು ನೋಡುತ್ತಾಳೆ. ಮತ್ತು ಈಗಿನ ದಿನಗಳಲ್ಲಿ ಸಾಯ್‌ನನ್ನು ಹುಡುಕಿಕೊಂಡು ಅಜ್ಜನ ಉಗ್ರಾಣಕ್ಕೆ ಹೋಗಬೇಕಾಗಿಲ್ಲ. ಕೇಳಿದ್ದಕ್ಕೆಲ್ಲ ಕ್ಷಣಮಾತ್ರದಲ್ಲಿ ಉತ್ತರವನ್ನು ಬರೆದುಕೊಡುವ ಯಂತ್ರವು ಕೈಯೊಳಗಿನ ಫೋನಿನಲ್ಲಿಯೇ ಇದೆ.

ಗೋ ಆಟದ ಲೋಕವು ಈ ಸಂಕಟವನ್ನು ನಮಗಿಂತ ಮುಂಚೆ ಅನುಭವಿಸಿತು. 2016ರ ಮಾರ್ಚ್ ತಿಂಗಳಲ್ಲಿ ಆಲ್ಫಾಗೋ ಎಂಬ ಯಂತ್ರವು ಕೊರಿಯಾದ ಮಹಾ ಆಟಗಾರನಾದ ಲೀ ಸೆಡೋಲ್‌ನೊಡನೆ ಐದು ಆಟಗಳನ್ನಾಡಿ ನಾಲ್ಕನ್ನು ಗೆದ್ದಿತು. ನಾಲ್ಕನೆಯ ಆಟವೊಂದನ್ನು ಆತನು ಗೆದ್ದನು. ಅಂದಿನಿಂದ ಅತ್ಯುತ್ತಮ ನಡೆಯು ಯಾವುದೆಂದು ಹೇಳಿಕೊಡುವ ಯಂತ್ರವು ಪ್ರತಿಯೊಬ್ಬ ಎಳೆಯ ಆಟಗಾರನಿಗೂ ದೊರೆಯುವಂತಾಯಿತು. ಆಟ ಮುಗಿದ ಬಳಿಕ ಅದರೊಡನೆ ಕುಳಿತು ತಮ್ಮ ತಪ್ಪುಗಳನ್ನು ಹುಡುಕುವುದು ಈಗ ಎಲ್ಲರ ಅಭ್ಯಾಸ, ಅದು ಒಳ್ಳೆಯದೇ. ಆದರೆ 2020ರಲ್ಲಿ ಕೊರಿಯಾದ 13 ವರ್ಷದ ಒಬ್ಬ ವೃತ್ತಿ ಆಟಗಾರ್ತಿಯು ಅಂತರಜಾಲದ ಪಂದ್ಯವೊಂದರಲ್ಲಿ ಯಂತ್ರದ ಸಹಾಯವನ್ನು ಪಡೆದುದು ಬಯಲಾಗಿ, ಅವಳನ್ನು ಒಂದು ವರ್ಷ ಆಟದಿಂದ ಹೊರಗಿಟ್ಟರು. ಅವಳ ಹೆಸರನ್ನು ಇಲ್ಲಿ ಬರೆಯಲು ನನಗೆ ಮನಸ್ಸಿಲ್ಲ, ಎಳೆಯ ಮಗು. ಶಿಕ್ಷೆಯು ಮುಗಿದ ಮೇಲೆ ಅವಳು ಮರಳಿ ಬಂದಳು. ಆ ದೇಶದ ಅತ್ಯಂತ ಬಲಿಷ್ಠ ಆಟಗಾರ್ತಿಯರ ಸಾಲಿಗೆ ಸೇರಿದಳು. ಶಿಕ್ಷೆಯನ್ನು ಕೊಟ್ಟವರೇ ಬಾಗಿಲನ್ನೂ ತೆರೆದಿಟ್ಟಿದ್ದರೆಂಬುದನ್ನು ನಾನು ಮುಖ್ಯವೆಂದು ಎಣಿಸುತ್ತೇನೆ.

ಪ್ರಾಮಾಣಿಕತೆಯ ವಿಷಯವಾಗಿ ಈ ಪುಸ್ತಕದಲ್ಲಿ ಇನ್ನೊಂದು ಪ್ರಸಂಗವಿದೆ. ವೃತ್ತಿ ಪರೀಕ್ಷೆಯಲ್ಲಿ ಇಸುಮಿ ಎಂಬ ಸಜ್ಜನ ಯುವಕನು ಹಿಕಾರುವಿನೆದುರಿಗೆ ಆಡುತ್ತಿರುವಾಗ ಕಾಯಿಯನ್ನು ತಪ್ಪಾಗಿ ಒಂದು ಸ್ಥಾನದಲ್ಲಿಟ್ಟು, ಬೆರಳನ್ನು ಬಿಟ್ಟವನು, ಒಡನೆಯೇ ಅದನ್ನು ಬೇರೆ ಸ್ಥಾನಕ್ಕೆ ಸರಿಸಿಬಿಡುತ್ತಾನೆ. ನಿಯಮದಂತೆ ಅದು ಸೋಲು. ಬೇರೆ ಯಾರೂ ನೋಡಿಲ್ಲ. ಹಿಕಾರು ನೋಡಿದ್ದಾನೆ, ಹೇಳಲೋ ಬೇಡವೋ ಎಂದು ತೊಳಲುತ್ತಿದ್ದಾನೆ. ಇಸುಮಿಯೂ ಅತ್ತಿತ್ತ ತೂಗಾಡಿ, ಕಡೆಗೆ ತಾನೇ ಸೋತೆನೆಂದು ತಲೆಬಾಗುತ್ತಾನೆ. ಇಲ್ಲಿ ಕಥೆಯನ್ನು ನಿಲ್ಲಿಸಿದ್ದರೆ ಅದು ನಮ್ಮ ನೀತಿಪಾಠದ ಪುಸ್ತಕದ ಕಥೆಯಾಗುತ್ತಿತ್ತು. ಲೇಖಕಿಯು ನಿಲ್ಲಿಸುವುದಿಲ್ಲ. ಸತ್ಯವನ್ನು ಒಪ್ಪಿಕೊಂಡ ಇಸುಮಿಗೆ ಬಹುಮಾನವೇನೂ ಬರುವುದಿಲ್ಲ. ಅವನ ಮನಸ್ಸು ಕದಡಿ ಮುಂದಿನ ಆಟಗಳೂ ಕೆಡುತ್ತವೆ. ಮೂವರನ್ನೇ ಆರಿಸುವ ಆ ಪರೀಕ್ಷೆಯಲ್ಲಿ ಅವನು ತೇರ್ಗಡೆಯಾಗುವುದಿಲ್ಲ. ತರಬೇತಿಯ ವಯಸ್ಸೂ ಮೀರಿತು. ಅವನು ಚೀನಾಕ್ಕೆ ಹೋಗಿ, ಅಲ್ಲಿ ಅಪರಿಚಿತರ ನಡುವೆ ಸೋಲುತ್ತಾ ಕಲಿಯುತ್ತಾ ಕೆಲವು ಕಾಲ ಕಳೆದು, ಹಿಂದಿರುಗಿ ಮರುವರ್ಷದ ಪರೀಕ್ಷೆಯಲ್ಲಿ ಒಂದೂ ಆಟವನ್ನು ಸೋಲದೆ ಗೆಲ್ಲುತ್ತಾನೆ.

ಮರುವರ್ಷ ಎಂಬ ಮಾತಿನ ಮೇಲೆಯೇ ಈಗ ನಾನು ಹೇಳಬೇಕಾದದ್ದಿದೆ. ಇಸುಮಿಗೆ ಮರುವರ್ಷ ಇತ್ತು. ನಮ್ಮ ಹೆಣ್ಣುಮಕ್ಕಳಿಗೆ ಇದೆಯೇ? ಹತ್ತನೆಯ ತರಗತಿಯಲ್ಲಿ ಅಂಕವು ಕಡಿಮೆಯಾದ ಹುಡುಗನಿಗೆ ಮನೆಯವರು ಮರುಪರೀಕ್ಷೆಯ ಹಣವನ್ನು ಕಟ್ಟಿ, ಬೇರೆ ಊರಿನ ಕಾಲೇಜನ್ನು ಹುಡುಕುತ್ತಾರೆ. ಅದೇ ಮನೆಯ ಹುಡುಗಿಯು ಸೋತರೆ, ಇವಳಿಗೆ ಓದು ಹತ್ತದು ಎಂಬ ತೀರ್ಪು ಸಂಜೆಯೊಳಗೆ ಆಗಿಹೋಗಿರುತ್ತದೆ. ಎಲ್ಲ ಮನೆಗಳಲ್ಲಿಯೂ ಹೀಗೆಂದು ನಾನು ಹೇಳುವುದಿಲ್ಲ. ಆದರೆ ವರ್ಷ ವರ್ಷ ಮೇ ತಿಂಗಳಲ್ಲಿ ನನ್ನ ಕೊಠಡಿಗೆ ವರ್ಗಾವಣೆಯ ಪತ್ರವನ್ನು ಕೇಳಿಕೊಂಡು ಬರುವ ತಂದೆಗಳ ಮುಖಗಳನ್ನು ನಾನು ಬಲ್ಲೆನು. ಹಿಂದೆ ನಿಂತಿರುವ ಮಗಳ ಮುಖವನ್ನೂ ಬಲ್ಲೆನು. ಒಂದೇ ಸಾರಿ ಸೋಲಲು ಅವಕಾಶವಿರುವ ಮಗುವು ತನ್ನ ಸ್ವಂತ ನಡೆಯನ್ನು ಹೇಗೆ ಇಟ್ಟೀತು? ಅವಳು ಸಾಯ್‌ನ ಕೈಯನ್ನೇ ಹಿಡಿದುಕೊಳ್ಳುವಳು. ಚಿಕ್ಕಪ್ಪನ ಮಾದರಿಯೂ ಮಾಸ್ತರರ ವಾಕ್ಯಗಳೂ ಫೋನಿನ ಉತ್ತರವೂ ಸೋಮಾರಿತನದಿಂದ ಬಂದವೆಂದು ಅನೇಕರು ಗದರಿಸುತ್ತಾರೆ. ನನ್ನ ಅನುಭವದಲ್ಲಿ ಅವು ಹೆಚ್ಚಾಗಿ ಭಯದಿಂದ ಬಂದವು.

ಈ ವಿಷಯದಲ್ಲಿ ಪುಸ್ತಕವೂ ಪೂರ್ಣವಾಗಿ ನಿರ್ದೋಷಿಯಲ್ಲ. ಬರೆದವಳು ಸ್ತ್ರೀ, ಆಟವನ್ನು ಪರಿಶೀಲಿಸಿದವಳು ಸ್ತ್ರೀ. ಆದರೂ ಹುಡುಗರ ಪತ್ರಿಕೆಯ ಕಥೆಯಾದುದರಿಂದಲೋ ಏನೋ, ಹುಡುಗಿಯರು ಅಂಚಿನಲ್ಲಿಯೇ ನಿಂತಿದ್ದಾರೆ. ಹಿಕಾರುವಿನ ಬಾಲ್ಯದ ಗೆಳತಿ ಅಕಾರಿಯು ಶಾಲೆಯ ಸಂಘದಲ್ಲಿ ಪ್ರೀತಿಯಿಂದ ಆಡುತ್ತಾಳೆ, ಬಹು ದೂರ ಹೋಗುವುದಿಲ್ಲ. ನಾಸೆ ಎಂಬ ತರಬೇತಿಯ ಹುಡುಗಿಯು ಪರೀಕ್ಷೆಗೆ ಕುಳಿತು ತೇರ್ಗಡೆಯಾಗದೆ ಉಳಿಯುತ್ತಾಳೆ. 18ನೆಯ ಸಂಪುಟದಲ್ಲಿ ಅವಳದೇ ಒಂದು ಪುಟ್ಟ ಕಥೆ ಇದೆ: ಇತರ ಹುಡುಗಿಯರಂತೆ ತಾನೂ ಇರಬಾರದೇಕೆಂದು ಒಂದು ದಿನ ಒಬ್ಬ ಯುವಕನೊಡನೆ ತಿರುಗಾಡಲು ಹೋದವಳು, ದಾರಿಯಲ್ಲಿ ಗೋ ಆಡುವ ಸ್ಥಳವನ್ನು ಕಂಡು ಒಳಗೆ ಹೋಗಿ ಮಣೆಯ ಮುಂದೆ ಕುಳಿತಾಗ, ತಾನು ಎಲ್ಲಿಗೆ ಸೇರಿದವಳೆಂಬುದು ಅವಳಿಗೆ ತಿಳಿದುಹೋಗುತ್ತದೆ. ನಮ್ಮ ಬಾಲಕಿಯರು ಈ ಕಥೆಯನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳುವುದನ್ನು ಕೇಳಿದ್ದೇನೆ. ನಾಸೆಯು ಮುಂದೆ ಏನಾದಳೆಂದು ಪುಸ್ತಕವು ಹೇಳದೆ ಬಿಟ್ಟುದಕ್ಕೆ ಅವರಿಗೆ ಬಲವಾದ ಅಸಮಾಧಾನವಿದೆ. ನನಗೂ ಇದೆ.

ಕಥೆಯಲ್ಲಿಲ್ಲದ್ದು ಲೋಕದಲ್ಲಿ ನಡೆದಿದೆ ಎಂದು ನಾನು ಅವರಿಗೆ ಹೇಳಿದ್ದೇನೆ. 1963ರಲ್ಲಿ ಶಾಂಘಾಯಿಯಲ್ಲಿ ಹುಟ್ಟಿದ ರುಯಿ ನಾಯ್‌ವೇಯ್ ಎಂಬಾಕೆಯು 1988ರಲ್ಲಿ ಒಂಬತ್ತನೆಯ ದರ್ಜೆಯನ್ನು, ಅಂದರೆ ಎಲ್ಲಕ್ಕೂ ಮೇಲಿನ ದರ್ಜೆಯನ್ನು, ಪಡೆದ ಮೊದಲನೆಯ ಸ್ತ್ರೀಯಾದಳು. ತರುವಾಯ ಸ್ವದೇಶವನ್ನು ಬಿಟ್ಟು, ಜಪಾನಿನಲ್ಲಿಯೂ ಅಮೇರಿಕದಲ್ಲಿಯೂ ವಾಸಮಾಡಿ, ಪಂದ್ಯಗಳಿಗೆ ಅವಕಾಶವು ವಿರಳವಾಗಿದ್ದ ವರ್ಷಗಳನ್ನು ಕಳೆದಳು. 1999ರಲ್ಲಿ ಕೊರಿಯಾ ದೇಶವು ಅವಳಿಗೆ ಸ್ಥಳ ಕೊಟ್ಟಿತು. ಮರುವರ್ಷವೇ, 2000ದಲ್ಲಿ, ಲೀ ಚಾಂಗ್-ಹೋನನ್ನು ಸೋಲಿಸಿ, ಬಳಿಕ ಚೋ ಹುನ್-ಹ್ಯೂನ್‌ನಿಂದ ‘ಗುಕ್ಸು’ ಎಂಬ ಪದವಿಯನ್ನು ಗೆದ್ದುಕೊಂಡಳು. ಸ್ತ್ರೀಪುರುಷರು ಕೂಡಿ ಆಡುವ ಅಂಥ ದೊಡ್ಡ ಪದವಿಯು ಅದಕ್ಕೆ ಮುಂಚೆ ಯಾವ ಸ್ತ್ರೀಗೂ ಬಂದಿರಲಿಲ್ಲ. ಆಗ ಅವಳ ವಯಸ್ಸು ಮೂವತ್ತಾರು. ಜಪಾನಿನಲ್ಲಿ ಫುಜಿಸಾವಾ ರಿನಾ 2020ರಲ್ಲಿ ಯುವಕರೂ ಯುವತಿಯರೂ ಕೂಡಿ ಆಡುವ ಒಂದು ಪಂದ್ಯಾವಳಿಯನ್ನು ಗೆದ್ದಳು; ಉಎನೋ ಅಸಾಮಿ 2022ರಲ್ಲಿ ‘ಶಿನ್‌ಜಿನ್-ಓ’ ಎಂಬ ಹೊಸಬರ ಪದವಿಯನ್ನು ಗೆದ್ದಳು. ನಾಸೆಯ ತಂಗಿಯರು ಎಂದು ನಮ್ಮ ಒಂಬತ್ತನೆಯ ತರಗತಿಯವರು ಇವರಿಗೆ ಹೆಸರಿಟ್ಟಿದ್ದಾರೆ.

ಒಂದು ವಿಷಯದಲ್ಲಿ ಮಾತ್ರ ನಾನು ಪುಸ್ತಕದೊಡನೆ ಜಗಳವಾಡುತ್ತೇನೆ. ವೃತ್ತಿ ಆಟಗಾರನಾದ ಹಿಕಾರು ಮಾಧ್ಯಮಿಕ ಶಾಲೆಯ ಬಳಿಕ ಪ್ರೌಢಶಾಲೆಗೆ ಹೋಗುವುದಿಲ್ಲ. ಆ ದೇಶದಲ್ಲಿ ಆ ವೃತ್ತಿಯಿಂದ ಜೀವನ ನಡೆದೀತು. ಇಲ್ಲಿ ಅದನ್ನು ಮುಂದಿಟ್ಟುಕೊಂಡು ಬರುವ ಬಾಲಕಿಗೆ ನನ್ನ ಉತ್ತರವು ಚಿಕ್ಕದು: ಮೊದಲು ಪಾಸಾಗು, ಬಳಿಕ ಮಾತಾಡೋಣ.

ಆಟವು ಸಮಯವನ್ನು ತಿನ್ನುತ್ತದೆ ಎಂಬ ದೂರಿಗೂ ಒಂದು ಮಾತು. ತಿನ್ನುತ್ತದೆ, ನಿಜ. ಆದರೆ ಈ ಆಟವು ಸೋಲನ್ನು ನಡೆಸಿಕೊಳ್ಳುವ ರೀತಿಯನ್ನು ನೋಡಿರಿ. ಆರಂಭದಲ್ಲಿ ಇಬ್ಬರೂ ತಲೆಬಾಗುತ್ತಾರೆ. ಇನ್ನು ದಾರಿಯಿಲ್ಲವೆಂದು ಕಂಡವರು ಮಣೆಯನ್ನು ತಳ್ಳಿ ಎದ್ದುಹೋಗದೆ, ಸೋತೆನೆಂದು ಬಾಯಿಬಿಟ್ಟು ಹೇಳುತ್ತಾರೆ. ತರುವಾಯ ಗೆದ್ದವರೂ ಸೋತವರೂ ಅದೇ ಮಣೆಯ ಮೇಲೆ ಆಟವನ್ನು ಮೊದಲಿನಿಂದ ಮತ್ತೆ ಇಟ್ಟು, ಎಲ್ಲಿ ಕೆಟ್ಟಿತು, ಬೇರೆ ಏನು ಮಾಡಬಹುದಾಗಿತ್ತು ಎಂದು ಕೂಡಿ ವಿಚಾರಿಸುತ್ತಾರೆ. ಪರೀಕ್ಷೆಯ ಉತ್ತರಪತ್ರಿಕೆಯನ್ನು ಮನೆಗೆ ಕಳುಹಿಸಿದ ದಿನ ನಮ್ಮಲ್ಲಿ ಎಷ್ಟು ಮನೆಗಳಲ್ಲಿ ತಾಯಿಯೂ ಮಗಳೂ ಹೀಗೆ ಕುಳಿತುಕೊಳ್ಳುತ್ತಾರೆ? ಅಂಕವನ್ನು ನೋಡುವುದು, ಪಕ್ಕದ ಮನೆಯ ಹುಡುಗಿಯ ಅಂಕವನ್ನು ಕೇಳುವುದು, ಮುಗಿಯಿತು. ಪತ್ರಿಕೆಯ ಒಳಗಿನ ಪುಟಗಳನ್ನು ತಿರುವಿದವರು ಕಡಿಮೆ.

ಹಿಕಾರುವಿನ ಕಥೆಯೂ ಜಯದಿಂದ ಮುಗಿಯುವುದಿಲ್ಲ. ಸಾಯ್ ಅವನನ್ನು ಬಿಟ್ಟು ಕಾಣೆಯಾಗುತ್ತಾನೆ. ಹುಡುಗನು ದುಃಖದಿಂದ ಆಟವನ್ನೇ ತೊರೆಯುತ್ತಾನೆ. ಚೀನಾದಿಂದ ಹಿಂದಿರುಗಿದ ಇಸುಮಿಯು ಹಟಮಾಡಿ ಅವನನ್ನು ಮಣೆಯ ಮುಂದೆ ಕೂರಿಸಿದಾಗ, ಗುರುವು ಉಳಿದಿರುವುದು ತಾನು ಇಡುವ ಕಾಯಿಗಳಲ್ಲಿಯೇ ಎಂದು ಅವನಿಗೆ ಕಾಣುತ್ತದೆ. ಕಡೆಯ ಸಂಪುಟದಲ್ಲಿ ಕೊರಿಯಾದ ಹುಡುಗನೊಬ್ಬನೊಡನೆ ಆಡಿ ಅರ್ಧ ಅಂಕದಿಂದ ಸೋಲುತ್ತಾನೆ, ಅಳುತ್ತಾನೆ. ಆಗ ಅವನು ಆಡಿದ ಆಟದಲ್ಲಿ ಒಂದು ಕಾಯಿಯೂ ಅನ್ಯರದಲ್ಲ.

ಹಳೆಯ ವಿದ್ಯಾರ್ಥಿನಿಯರಿಗೆ ಕಡೆಯದಾಗಿ ಒಂದು ಸಮಾಚಾರ. ಈ ಪುಸ್ತಕದ ಇಂಗ್ಲಿಷ್ ಆವೃತ್ತಿಯನ್ನು ಶಾಲೆಯ ಪುಸ್ತಕ ಭಂಡಾರಕ್ಕೆ ತರಿಸಿದ್ದೇವೆ. ಪಡೆದುಕೊಳ್ಳಲು ಬಾಲಕಿಯರು ಸರದಿಯಲ್ಲಿ ನಿಲ್ಲುತ್ತಾರೆ. ಶನಿವಾರದ ಕಡೆಯ ಅವಧಿಯಲ್ಲಿ ಮೊಗಸಾಲೆಯಲ್ಲಿ ಆಟಕ್ಕೆ ಅವಕಾಶ ಕೊಟ್ಟಿದ್ದೇನೆ. ನಮ್ಮ ಬಡಗಿಯು ಮಾಡಿಕೊಟ್ಟ ನಾಲ್ಕು ಮಣೆಗಳಿವೆ. ಕಾಯಿಗಳ ಬದಲು ಸದ್ಯಕ್ಕೆ ಕರಿಯ ಬಿಳಿಯ ಗುಂಡಿಗಳು. ಸೋತವಳು ಸೋತೆನೆಂದು ಕೇಳುವಂತೆ ಹೇಳಬೇಕು, ಇಬ್ಬರೂ ಕೂಡಿ ಆಟವನ್ನು ಮತ್ತೊಮ್ಮೆ ಇಟ್ಟು ನೋಡಬೇಕು, ಇಷ್ಟೇ ನಿಯಮ. ಗೆದ್ದವರಿಗೆ ಬಹುಮಾನದ ಬಟ್ಟಲನ್ನು ಕೊಡಲು ಇಬ್ಬರು ತಂದೆಗಳು ಮುಂದೆ ಬಂದಿದ್ದರು, ವಂದನೆಗಳೊಡನೆ ಬೇಡವೆಂದಿದ್ದೇನೆ. ಅವರಿಗೆ ಕೊಡುವ ಮನಸ್ಸು ಇನ್ನೂ ಇದ್ದರೆ, ಮತ್ತು ನಿಮ್ಮಲ್ಲಿ ಯಾರಾದರೂ ಸಹಾಯ ಮಾಡುವುದಾದರೆ, ಇನ್ನೂ ಆರು ಮಣೆಗಳು ಬೇಕು. ಶನಿವಾರಗಳಲ್ಲಿ ಮೂವತ್ತಕ್ಕೂ ಹೆಚ್ಚು ಬಾಲಕಿಯರು ಬರುತ್ತಾರೆ. ಹೆಚ್ಚಿನ ಮಂದಿ ನಿಂತುಕೊಂಡೇ ನೋಡುತ್ತಾರೆ.